ನಡೆದು ಬಂದವನನ್ನು ಮೊದಲು ಒಳಗೆ ಒಯ್ದದ್ದೇಕೆ?

ಪ್ರಶ್ನೆ: ನಾವು ಹುನಗುಂದ ತಾಲ್ಲೂಕಿನವರು. ನನ್ನ ಅಣ್ಣ ಕಲ್ಲಿನ ಕ್ವಾರಿಯಲ್ಲಿ ಕಂಪ್ರೆಸರ್ ನಡೆಸುತ್ತಾನೆ. ಕಳೆದ ತಿಂಗಳು ಕುಳಿಗೆ ತುಂಬಿದ್ದ ಮದ್ದು ಹೊತ್ತಿಗೆ ಮೊದಲೇ ಸಿಡಿದು 14 ಜನರಿಗೆ ಪೆಟ್ಟಾಯಿತು. ಸಿಕ್ಕ ಟಂಟಂ, ಕ್ರೂಸರ್‌ಗಳಲ್ಲಿ ಎಲ್ಲರನ್ನೂ ಹಾಕಿಕೊಂಡು ದೊಡ್ಡ ಆಸ್ಪತ್ರೆಯೊಂದಕ್ಕೆ ಓಡಿದೆವು. ಅಣ್ಣನ ಮೊಣಕಾಲ ಕೆಳಗೆ ಎಲುಬು ಮುರಿದಿತ್ತು, ತೊಡೆಯಲ್ಲಿ ಚೂರುಗಳು ಹೊಕ್ಕಿದ್ದವು, ನೋವಿಗೆ ಚೀರುತ್ತಿದ್ದ. ಅವನ ಕೈಗೆ ಹಳದಿ ಪಟ್ಟಿ ಕಟ್ಟಿ ವರಾಂಡದ ಗೋಡೆಯ ಬದಿಗೆ ಮಲಗಿಸಿದರು; ಓಟಿಗೆ (ಶಸ್ತ್ರಚಿಕಿತ್ಸೆಯ ಕೋಣೆಗೆ) ಒಯ್ಯುವಷ್ಟರಲ್ಲಿ ಎರಡು ತಾಸಿನ ಮೇಲಾಗಿತ್ತು. ಆದರೆ ತಾನೇ ನಡೆದು ಬಂದ, ಮೈಮೇಲೆ ಒಂದು ಗೀರೂ ಇಲ್ಲದ ಹುಡುಗನೊಬ್ಬನನ್ನು ಐದೇ ನಿಮಿಷದಲ್ಲಿ ಐಸಿಯುಗೆ ಒಯ್ದರು. ಅವನು ಮಾಲೀಕರ ಸಂಬಂಧಿ ಎಂದು ಊರಲ್ಲಿ ಮಾತು. ಇದು ಪಕ್ಷಪಾತವಲ್ಲವೆ? ಅಣ್ಣನ ತೊಡೆಯ ಗಾಯಕ್ಕೆ ಐದು ದಿನ ಹೊಲಿಗೆಯನ್ನೇ ಹಾಕಲಿಲ್ಲ, ಚೂರುಗಳನ್ನೂ ಪೂರ್ತಿ ತೆಗೆದಿಲ್ಲ. ನೇರವಾಗಿ ಬೆಳಗಾವಿಗೆ ಹೋಗಬೇಕಿತ್ತೆ? ಇನ್ನೊಂದು ಮಾತು: ಅಂದು ಅಲ್ಲೇ ದೂರದಲ್ಲಿ ನಿಂತಿದ್ದ ನನ್ನ 19 ವರ್ಷದ ಮಗ ಏನೂ ಆಗಿಲ್ಲವೆಂದು ಆಸ್ಪತ್ರೆಗೇ ಬರಲಿಲ್ಲ. ಈಗಲೂ ಅವನ ಕಿವಿ ಗುಂಯ್ ಎನ್ನುತ್ತದೆ, ಒಂದು ಕಿವಿ ಮಂದವಾಗಿದೆ. ನಮ್ಮತ್ತೆ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡೋಣ ಎನ್ನುತ್ತಾರೆ.

ಉತ್ತರ: ಮೊದಲು ಎಣ್ಣೆಯ ಮಾತು ಮುಗಿಸಿಬಿಡುತ್ತೇನೆ: ಮಗನ ಕಿವಿಗೆ ಏನನ್ನೂ ಬಿಡಬೇಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಬುಡದಲ್ಲಿರುವುದು ಒಂದೇ ಸಂಕಟ. ಒಡಹುಟ್ಟಿದವನು ಕಣ್ಣೆದುರಿಗೆ ಒದ್ದಾಡುತ್ತಿರುವಾಗ ವೈದ್ಯರು ಅವನನ್ನು ದಾಟಿಕೊಂಡು ಇನ್ನೊಬ್ಬನ ಬಳಿಗೆ ಹೋದರು. ಅಂದಿನ ಕೇಸ್ ಶೀಟ್ ನನ್ನ ಮುಂದಿಲ್ಲವಾದ್ದರಿಂದ ಆ ಆಸ್ಪತ್ರೆಯವರು ಮಾಡಿದ್ದೆಲ್ಲ ಸರಿ ಎಂದು ಪ್ರಮಾಣಪತ್ರ ಕೊಡಲಾರೆ. ಆದರೆ ವಿಜಯಪುರ, ಬಾಗಲಕೋಟೆ ಭಾಗದ ಕ್ಯಾಜುವಾಲ್ಟಿಗಳಲ್ಲಿ ಶಸ್ತ್ರವೈದ್ಯನಾಗಿ ಮೂವತ್ತು ವರ್ಷ ಕಳೆದವನಾಗಿ ಹೇಳುವುದಾದರೆ, ನೀವು ಬರೆದಿರುವ ಸರದಿಯಲ್ಲಿ ನನಗೆ ಪಕ್ಷಪಾತ ಕಾಣುತ್ತಿಲ್ಲ. ಅಲ್ಲಿದ್ದ ವೈದ್ಯರು ಕಿವಿಗೆ ಬಿದ್ದ ಚೀರಾಟಕ್ಕಿಂತ ಕಣ್ಣಿಗೆ ಕಂಡ ಉಸಿರಾಟವನ್ನು ನಂಬಿದ್ದಾರೆ ಎನ್ನಿಸುತ್ತದೆ.

ಹೀಗೆ ಹೇಳಲು ನನಗೆ ನನ್ನದೇ ತಪ್ಪಿನ ನೆನಪು ಸಾಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೆಸರು ಹೇಳಬಾರದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಪಟಾಕಿ ದಾಸ್ತಾನು ಸಿಡಿದು ಒಂಬತ್ತು ಜನರನ್ನು ಒಟ್ಟಿಗೆ ತಂದರು. ಸುಟ್ಟ ಕೈ, ಸೀಳಿದ ಹಣೆ, ರಕ್ತ, ಗದ್ದಲ. ನಾನು ಗದ್ದಲವಿದ್ದ ಕಡೆಗೇ ಓಡಿದೆ. ಬಾಗಿಲ ಬಳಿಯ ಬೆಂಚಿನ ಮೇಲೆ ನಡುವಯಸ್ಸಿನ ಒಬ್ಬಾತ ಎರಡೂ ಕೈಗಳನ್ನು ತೊಡೆಯ ಮೇಲೆ ಊರಿಕೊಂಡು, ಮುಂದಕ್ಕೆ ಬಾಗಿ ಕುಳಿತಿದ್ದ. ಕೇಳಿದ್ದಕ್ಕೆ, "ನನಗೇನ್ ಆಗಿಲ್ರೀ ಸಾಹೇಬ್ರ, ಆ ಹುಡುಗನ್ನ ಮೊದ್ಲ ನೋಡ್ರಿ" ಎಂದ. ಆ ವಾಕ್ಯವನ್ನು ಅವನು ಒಂದೇ ಉಸಿರಿಗೆ ಮುಗಿಸಲಾಗದೆ ಎರಡು ಕಡೆ ನಿಲ್ಲಿಸಿದ್ದನ್ನು ನಾನು ಗಮನಿಸಲಿಲ್ಲ. ಮುಕ್ಕಾಲು ತಾಸಿನ ನಂತರ ಸಿಸ್ಟರ್ ಒಬ್ಬರು ಅವನ ತುಟಿ ನೀಲಿಯಾಗಿದೆ ಎಂದು ಕೂಗಿದರು. ಅವನು ಬದುಕಿದ, ಆದರೆ ಅದಕ್ಕೆ ಒಂಬತ್ತು ದಿನದ ವೆಂಟಿಲೇಟರ್ ಬೇಕಾಯಿತು. ಎದೆಯ ಮೇಲೆ ಅಂಗಿಯ ಒಂದು ಗುಂಡಿಯೂ ಕಿತ್ತಿರಲಿಲ್ಲ.

ಆತನಿಗೂ, ಬಹುಶಃ ನಿಮ್ಮೂರಿನ ಆ ಹುಡುಗನಿಗೂ ಆದದ್ದೇನು ಎಂಬುದನ್ನು ತಿಳಿಯಲು ಸ್ಫೋಟ ಎಂದರೇನು ಎಂಬಲ್ಲಿಂದ ಹೊರಡಬೇಕು. ಜಿಲೆಟಿನ್ ಕಡ್ಡಿಯಾಗಲಿ, ಬಾಂಬಾಗಲಿ, ಸಿಡಿದಾಗ ಘನವಸ್ತು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ ಬಿಸಿ ಅನಿಲವಾಗಿ ಹಿಗ್ಗುತ್ತದೆ. ಸುತ್ತಲಿನ ಗಾಳಿ ಒಮ್ಮೆಲೇ ಒತ್ತಿಕೊಂಡು, ಶಬ್ದಕ್ಕಿಂತ ವೇಗವಾಗಿ ಸಾಗುವ ಒಂದು ಒತ್ತಡದ ಅಲೆಯಾಗುತ್ತದೆ. ಈ ಅಲೆ ಚರ್ಮವನ್ನು ಹರಿಯದೆ ಮೈಯೊಳಗೆ ಹಾದುಹೋಗಬಲ್ಲದು. ಮಾಂಸಖಂಡ, ಪಿತ್ತಜನಕಾಂಗದಂಥ ಗಟ್ಟಿ ಭಾಗಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಗಾಳಿಯೂ ತೇವವೂ ಒಂದಕ್ಕೊಂದು ತಾಗಿಕೊಂಡಿರುವ ತೆಳುಪೊರೆಯ ಜಾಗಗಳು, ಅಂದರೆ ಕಿವಿಯ ತಮಟೆ, ಶ್ವಾಸಕೋಶ ಮತ್ತು ಕರುಳು, ಹರಿಯುತ್ತವೆ. ಇದು ಸ್ಫೋಟದ ಮೊದಲ ಬಗೆಯ ಗಾಯ, ಹೊರಗಿನಿಂದ ಕಾಣದ್ದು. ಎರಡನೆಯದು ಹಾರಿ ಬಂದ ಚೂರುಗಳಿಂದ ಆಗುವುದು. ನಿಮ್ಮ ಅಣ್ಣನ ತೊಡೆಯದು ಇದೇ. ಮೂರನೆಯದು ಮನುಷ್ಯನೇ ಎತ್ತಿ ಎಸೆದಂತಾಗಿ ನೆಲಕ್ಕೋ ಬಂಡೆಗೋ ಬಡಿದಾಗ ಮುರಿಯುವ ಎಲುಬು, ಒಡೆಯುವ ತಲೆ. ಸುಟ್ಟ ಗಾಯ, ಹೊಗೆ ಕುಡಿದದ್ದು, ಕಲ್ಲಿನಡಿ ಸಿಕ್ಕಿ ಜಜ್ಜಿದ್ದು ಇತ್ಯಾದಿಗಳನ್ನೆಲ್ಲ ನಾಲ್ಕನೆಯ ಬಗೆಗೆ ಸೇರಿಸುತ್ತಾರೆ.

ಬಯಲಿನಲ್ಲಿ ಈ ಅಲೆ ದೂರ ಹೋದಂತೆ ಬಹುಬೇಗ ಕುಗ್ಗುತ್ತದೆ. ಗೋಡೆಗಳ ನಡುವೆ ಹಾಗಲ್ಲ. ಅದು ಬಡಿದು ಹಿಂದಿರುಗುತ್ತದೆ, ಹೊಸ ಅಲೆಯೊಂದಿಗೆ ಕೂಡಿ ಇನ್ನಷ್ಟು ಬಲಿಯುತ್ತದೆ. ಇಸ್ರೇಲಿನ ವೈದ್ಯರು 1996ರಲ್ಲಿ ಪ್ರಕಟಿಸಿದ ಹೋಲಿಕೆಯೊಂದರಲ್ಲಿ, ಬಯಲಿನ ಬಾಂಬ್‌ಗಳಿಗೆ ಸಿಕ್ಕವರಲ್ಲಿ ನೂರಕ್ಕೆ ಸುಮಾರು 8 ಜನ ಸತ್ತಿದ್ದರೆ ಬಸ್ಸಿನೊಳಗಿನ ಬಾಂಬ್‌ಗಳಿಗೆ ಸಿಕ್ಕವರಲ್ಲಿ ನೂರಕ್ಕೆ 49 ಜನ ಸತ್ತಿದ್ದರು. ಕ್ವಾರಿಗೆ ಮೇಲೆ ಆಕಾಶ ತೆರೆದಿರುತ್ತದೆ ಎಂದು ಅದನ್ನು ಬಯಲೆಂದು ಎಣಿಸುವಂತಿಲ್ಲ. ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಗಳನ್ನು ನೋಡಿದವರಿಗೆ ಗೊತ್ತು, ಮೂರು ಕಡೆ ಗರಗಸದಲ್ಲಿ ಕೊಯ್ದಂತೆ ನೆಟ್ಟಗಿನ ಬಂಡೆ ಇರುತ್ತದೆ. ಆ ಮೂಲೆಯಲ್ಲಿ ನಿಂತವನಿಗೆ ಬಿದ್ದ ಪೆಟ್ಟು, ಅಷ್ಟೇ ದೂರದಲ್ಲಿ ಬಯಲಿಗೆ ನಿಂತವನಿಗೆ ಬೀಳುವುದಿಲ್ಲ. ಆ ಹುಡುಗ ಎಲ್ಲಿ ನಿಂತಿದ್ದನೆಂದು ಯಾರಾದರೂ ವಿಚಾರಿಸಿದರೆ ಊರಿನ ಮಾತು ಅಲ್ಲಿಗೇ ನಿಲ್ಲಬಹುದು.

ಶ್ವಾಸಕೋಶಕ್ಕೆ ಪೆಟ್ಟಾದವನು ಸಾಮಾನ್ಯವಾಗಿ ಚೀರುವುದಿಲ್ಲ, ಏಕೆಂದರೆ ಚೀರಲು ಉಸಿರು ಬೇಕು. ಒಣಕೆಮ್ಮು, ಎದೆ ಬಿಗಿತ, ಕಫದಲ್ಲಿ ರಕ್ತದ ಎಳೆ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಇಳಿಯುತ್ತಿರುವ ಆಮ್ಲಜನಕದ ಅಂಕಿ: ಇಷ್ಟೇ ಲಕ್ಷಣ. ಎಕ್ಸ್‌ರೇಯಲ್ಲಿ ಎರಡೂ ಬದಿಗೆ ಚಿಟ್ಟೆಯ ರೆಕ್ಕೆಯಂತೆ ಬಿಳುಪು ಹರಡಿರುತ್ತದೆ. ಬಹುತೇಕರಲ್ಲಿ ಇದು ಬಂದ ಹೊತ್ತಿನಲ್ಲೇ ಅಥವಾ ಕೆಲವೇ ತಾಸುಗಳಲ್ಲಿ ತಿಳಿಯುತ್ತದೆ. ಎರಡು ದಿನ ತಡವಾಗಿ ಕಾಣಿಸಿಕೊಂಡದ್ದೂ ಉಂಟು. ಇದರ ಚಿಕಿತ್ಸೆ ಕತ್ತಿಯ ಅಲಗಿನ ಮೇಲಿನ ನಡಿಗೆ. ರಕ್ತದೊತ್ತಡ ಕುಸಿದಿದೆಯೆಂದು ಸಲೈನ್ ಧಾರಾಳವಾಗಿ ಹರಿಸಿದರೆ ಹರಿದ ಶ್ವಾಸಕೋಶ ನೀರು ತುಂಬಿಕೊಳ್ಳುತ್ತದೆ. ವೆಂಟಿಲೇಟರ್‌ನ ಒತ್ತಡ ಹೆಚ್ಚಾದರೆ ಹರಿದ ಜಾಗದಿಂದ ಗಾಳಿ ಎದೆಗೂಡಿಗೆ ನುಗ್ಗಬಹುದು, ಇಲ್ಲವೆ ರಕ್ತನಾಳಕ್ಕೆ ಹೊಕ್ಕು ಮಿದುಳನ್ನೋ ಹೃದಯವನ್ನೋ ಮುಟ್ಟಬಹುದು. ಆದ್ದರಿಂದ ಅಂಥವನನ್ನು ಐಸಿಯುನಲ್ಲಿ, ಒಬ್ಬರ ಕಣ್ಣೆದುರಿಗೇ ಇಟ್ಟುಕೊಳ್ಳಬೇಕಾಗುತ್ತದೆ. ವರಾಂಡದಲ್ಲಿ ಮಲಗಿಸಿ ಕಾಯುವ ಕಾಯಿಲೆ ಇದಲ್ಲ.

ಹಳದಿ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಗಾಯಾಳುಗಳು ಕೈಗಳಿಗಿಂತ ಹೆಚ್ಚಾದಾಗ ಆಸ್ಪತ್ರೆ ಬಂದ ಸರದಿಯಲ್ಲಿ ನೋಡುವುದನ್ನು ನಿಲ್ಲಿಸಿ, ಬಾಗಿಲಲ್ಲೇ ಎಲ್ಲರನ್ನೂ ವಿಂಗಡಿಸುತ್ತದೆ; ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ಈಗಲೇ ಕೈಹಾಕದಿದ್ದರೆ ಸಾಯುವ, ಕೈಹಾಕಿದರೆ ಉಳಿಯುವವರಿಗೆ ಕೆಂಪು. ಗಾಯ ದೊಡ್ಡದಾಗಿದ್ದರೂ ಕೆಲವು ತಾಸು ತಾಳಬಲ್ಲವರಿಗೆ ಹಳದಿ. ನಡೆದಾಡುವ, ಸಣ್ಣ ಗಾಯದವರಿಗೆ ಹಸಿರು. ಸತ್ತವರಿಗೆ ಕಪ್ಪು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ರೂಪುಗೊಂಡು ಈಗ ಹಲವೆಡೆ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ನೋಡುವುದು ಮೂರೇ ಸಂಗತಿ: ಉಸಿರು ನಿಮಿಷಕ್ಕೆ 30 ಮೀರಿದೆಯೆ, ಉಗುರನ್ನು ಒತ್ತಿಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೆ, "ಕಣ್ಣು ಮುಚ್ಚು, ತೆರೆ" ಎಂದರೆ ಆ ಮಾತು ಕೇಳುತ್ತಾನೆಯೆ. ಒಬ್ಬರಿಗೆ ಒಂದು ನಿಮಿಷವೂ ಹಿಡಿಯದು. ಈ ಕ್ರಮಕ್ಕೂ ಒಂದು ಕುರುಡು ಜಾಗವಿದೆ: ನಡೆಯಬಲ್ಲವರನ್ನೆಲ್ಲ ಅದು ಮೊದಲೇ ಹಸಿರಿಗೆ ಕಳಿಸಿಬಿಡುತ್ತದೆ. ಸ್ಫೋಟದಲ್ಲಿ ಅದು ಸಾಲದು, ಹಸಿರಿನವರ ಉಸಿರನ್ನೂ ಮತ್ತೆ ಎಣಿಸಬೇಕು. ನಿಮ್ಮ ಅಣ್ಣ ಚೀರುತ್ತಿದ್ದ ಎಂದರೆ ಶ್ವಾಸನಾಳ ತೆರೆದಿತ್ತು, ಎದೆಯಲ್ಲಿ ಗಾಳಿಯಿತ್ತು, ಮಿದುಳಿಗೆ ರಕ್ತ ಹೋಗುತ್ತಿತ್ತು. ಕೇಳಲು ನಿಷ್ಠುರವಾದರೂ, ಕ್ಯಾಜುವಾಲ್ಟಿಯಲ್ಲಿ ಚೀರಾಟ ಕಿವಿಗೆ ಬಿದ್ದರೆ ನಮಗೆ ಒಂದು ಬಗೆಯ ಸಮಾಧಾನ.

ಮಾಲೀಕರ ಸಂಬಂಧಿ ಎಂಬ ಮಾತಿಗೆ ಒಂದು ಹಳೆಯ ಉತ್ತರವಿದೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಈ ವಿಂಗಡಣೆಯನ್ನು ಯುದ್ಧಭೂಮಿಗೆ ತಂದಾಗ ಇಟ್ಟ ನಿಯಮವೇ ದರ್ಜೆ ನೋಡದೆ ಗಾಯದ ತೀವ್ರತೆಯನ್ನು ನೋಡಬೇಕು ಎಂಬುದು. ಹುಡುಗ ಯಾರ ಸಂಬಂಧಿಯೇ ಆಗಿರಲಿ, ಅವನ ಆಮ್ಲಜನಕದ ಅಂಕಿ ಸುಳ್ಳು ಹೇಳಿರಲಾರದು.

ಎಲ್ಲರನ್ನೂ ಒಟ್ಟಿಗೆ ಕೆಂಪು ಎಂದು ಒಳಗೆ ಸೇರಿಸಿಕೊಳ್ಳಬಾರದೇಕೆ ಎಂದು ನೀವು ಕೇಳಬಹುದು. 2004ರ ಮಾರ್ಚ್ 11ರಂದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಾಲ್ಕು ರೈಲುಗಳಲ್ಲಿ 10 ಬಾಂಬ್‌ಗಳು ಸಿಡಿದಾಗ ಅಲ್ಲಿನ ಒಂದೇ ಆಸ್ಪತ್ರೆಗೆ 312 ಗಾಯಾಳುಗಳು ಬಂದರು. ಅವರಲ್ಲಿ 272 ಜನ ಬಂದದ್ದು ಎರಡೂವರೆ ತಾಸಿನೊಳಗೆ. ಅಷ್ಟು ಜನರಲ್ಲಿ ಪ್ರಾಣಾಪಾಯದ ಸ್ಥಿತಿಯಲ್ಲಿದ್ದವರು 29 ಮಂದಿ ಮಾತ್ರ. ಆ 29 ಜನರನ್ನು ಉಳಿದವರ ಗುಂಪಿನಿಂದ ಹುಡುಕಿ ತೆಗೆಯುವುದೇ ಅಂದಿನ ಕೆಲಸವಾಗಿತ್ತು. ಕಡಿಮೆ ಗಾಯವಾದವರೇ ಓಟಿ, ಸ್ಕ್ಯಾನಿಂಗ್, ವೈದ್ಯರ ಕೈ ಎಲ್ಲವನ್ನೂ ತುಂಬಿಕೊಂಡಷ್ಟೂ ನಿಜವಾಗಿ ಅಪಾಯದಲ್ಲಿರುವವರಲ್ಲಿ ಸಾವು ಏರುತ್ತದೆ ಎಂಬುದು ಹಲವು ದೇಶಗಳ ಬಾಂಬ್ ದಾಳಿಗಳನ್ನು ಒಟ್ಟಿಗೆ ನೋಡಿದಾಗ ಕಂಡ ಸತ್ಯ. ಅದೂ ಅಲ್ಲದೆ ಸ್ಫೋಟದಲ್ಲಿ ಆಸ್ಪತ್ರೆಗೆ ಮೊದಲು ಬರುವವರು ಕಡಿಮೆ ಪೆಟ್ಟಾದವರು. ಅವರು ಸಿಕ್ಕ ಗಾಡಿ ಹತ್ತಿ ಬಂದುಬಿಡುತ್ತಾರೆ. ತೀರ ಕೆಟ್ಟವರು ಕಲ್ಲಿನಡಿಯಿಂದ ಹೊರಬಂದು, ಆಂಬುಲೆನ್ಸ್ ಏರಿ ಬರುವುದು ಆಮೇಲೆ. ಮೊದಲ ತಾಸಿನಲ್ಲಿ ಬಂದವರ ಎರಡರಷ್ಟು ಜನ ಒಟ್ಟು ಬರುತ್ತಾರೆ ಎಂದು ಲೆಕ್ಕ ಹಿಡಿದು ಹಾಸಿಗೆ ಕಾಯ್ದಿಡುವುದು ರೂಢಿ. ವರಾಂಡದಲ್ಲಿ ನಿಂತವರಿಗೆ ಒಳಗೆ ಖಾಲಿ ಇದ್ದ ಹಾಸಿಗೆ ಕಂಡು ಸಿಟ್ಟು ಬರುವುದು ಸಹಜ. ಆ ಹಾಸಿಗೆ ಇನ್ನೂ ದಾರಿಯಲ್ಲಿರುವವನದು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ದೂರಿನಲ್ಲಿ ಒಂದು ಅಂಶ ನ್ಯಾಯವಾದುದು. ಹಳದಿ ಪಟ್ಟಿ ಎಂದರೆ ಮರೆತುಬಿಡಬಹುದು ಎಂದರ್ಥವಲ್ಲ. ಕಾಯುವ ಹೊತ್ತಿನಲ್ಲಿ ಮುರಿದ ಕಾಲಿಗೆ ಪಟ್ಟಿಯ ಆಸರೆ, ನೋವಿಗೆ ಇಂಜೆಕ್ಷನ್, ಟಿಟಿ, ಆಂಟಿಬಯೋಟಿಕ್, ಪಾದದ ನಾಡಿಯ ಪರೀಕ್ಷೆ ಆಗಲೇಬೇಕು. ಸುಮಾರು ಕಾಲು ತಾಸಿಗೊಮ್ಮೆ ಯಾರಾದರೂ ಬಂದು ಮತ್ತೆ ನೋಡಬೇಕು, ಏಕೆಂದರೆ ಹಳದಿ ಎನ್ನುವುದು ಯಾವ ಗಳಿಗೆಯಲ್ಲೂ ಕೆಂಪಾಗಬಹುದು. ತೊಡೆಯ ಮೇಲೆ ಅವರೆಕಾಳಿನಷ್ಟು ತೂತು ಕಂಡರೂ ಒಳಗೆ ದೊಡ್ಡ ರಕ್ತನಾಳ ಕತ್ತರಿಸಿರುವ ಸಾಧ್ಯತೆ ಇರುತ್ತದೆ. ಕರುಳಿನ ಪೆಟ್ಟಂತೂ ಮೊದಲ ದಿನ ಸುಮ್ಮನಿದ್ದು, ಎರಡು ಮೂರು ದಿನದ ಮೇಲೆ ಹೊಟ್ಟೆ ಉಬ್ಬಿ ಹೊರಬೀಳುತ್ತದೆ. ಎರಡು ತಾಸಿನಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲವಾದರೆ ಅದು ಕೊರತೆಯೇ, ಅದನ್ನು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ. ಹೀಗಾಗುವುದಕ್ಕೆ ಮನಸ್ಸಿನ ಕೇಡಿಗಿಂತ ಅಭ್ಯಾಸದ ಕೊರತೆಯೇ ಹೆಚ್ಚಾಗಿ ಕಾರಣ. ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಬಾಯ್ಲರ್‌ಗಳಿವೆ, ಕ್ವಾರಿಗಳಿವೆ, ಪಟಾಕಿ ದಾಸ್ತಾನಿದೆ. ಆದರೂ ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ಮಾಡಿ ನೋಡುವ ಆಸ್ಪತ್ರೆಗಳನ್ನು ನಾನು ಕಂಡದ್ದು ಕಡಿಮೆ.

ಅಂದ ಹಾಗೆ, ಇಂಥ ದಿನ ಗೇಟಿನಲ್ಲಿ ಬಂಧುಗಳನ್ನು ತಡೆಯುವುದಕ್ಕೆ ನೂಕುನುಗ್ಗಲು ಒಂದೇ ಕಾರಣವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್‌ಗಳು ಸಿಡಿದ ಮೇಲೆ ಗಾಯಾಳುಗಳು ಬಂದು ಸೇರುತ್ತಿದ್ದ ಸಿವಿಲ್ ಆಸ್ಪತ್ರೆಯ ಆವರಣದಲ್ಲೇ ಇನ್ನೊಂದು ಸ್ಫೋಟವಾಯಿತು. ಅಂದಿನಿಂದ ಬಾಂಬಿನ ಸುದ್ದಿ ಬಂದರೆ ಆಸ್ಪತ್ರೆಯ ಬಾಗಿಲನ್ನೂ ಕಾಯಬೇಕು ಎಂಬ ಪಾಠ ನಮ್ಮ ದೇಶದ ವೈದ್ಯರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಹೊಲಿಯದೆ ಬಿಟ್ಟ ಗಾಯ. ಇಲ್ಲಿ ವೈದ್ಯರು ಮಾಡಿದ್ದು ಸರಿ ಎಂದು ಹೆಚ್ಚು ಧೈರ್ಯದಿಂದ ಹೇಳಬಲ್ಲೆ. ಸ್ಫೋಟದ ಚೂರು ಒಳಹೋಗುವಾಗ ಮಣ್ಣು, ಬಟ್ಟೆಯ ನೂಲು, ಕಲ್ಲಿನ ಹುಡಿ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ, ಸುತ್ತಲಿನ ಮಾಂಸವನ್ನೂ ಸಾಯಿಸುತ್ತದೆ. ಯಾವ ಮಾಂಸ ಸತ್ತಿದೆ, ಯಾವುದು ಉಳಿಯುತ್ತದೆ ಎಂಬುದು ಮೊದಲ ದಿನ ಕಣ್ಣಿಗೆ ತಿಳಿಯದು. ಅಂಥ ಗಾಯದ ಬಾಯಿಯನ್ನು ಅಂದೇ ಹೊಲಿದರೆ ಕೀವನ್ನು ಒಳಗೆ ಕೂಡಿಹಾಕಿದಂತೆ. ಗ್ಯಾಂಗ್ರಿನ್ ಆಗಿ ಕಾಲನ್ನೇ ಕಳೆದುಕೊಂಡವರುಂಟು. ತೊಳೆದು, ಸತ್ತದ್ದನ್ನು ಕತ್ತರಿಸಿ, ತೆರೆದಿಟ್ಟು, ಒಂದೆರಡು ದಿನಕ್ಕೊಮ್ಮೆ ಮತ್ತೆ ತೊಳೆದು, ನಾಲ್ಕೈದು ದಿನದ ಮೇಲೆ ಮುಚ್ಚುವುದು ಯುದ್ಧಗಳಿಂದ ಕಲಿತ ಪದ್ಧತಿ. ನೋಡಲು ಅಲಕ್ಷ್ಯದಂತೆ ಕಾಣುತ್ತದೆ, ಅದು ನಿಜ.

ಚೂರುಗಳ ವಿಷಯದಲ್ಲಿ ಜನರ ನಂಬಿಕೆ ಗಟ್ಟಿಯಾಗಿದೆ: ಮೈಯಲ್ಲಿ ಕಬ್ಬಿಣ ಉಳಿದರೆ ವಿಷವೇರುತ್ತದೆ, ಹೃದಯಕ್ಕೆ ನಡೆದುಹೋಗುತ್ತದೆ ಎಂದು. ಮಾಂಸದಲ್ಲಿ ಕುಳಿತ ಸಣ್ಣ ಚೂರಿನ ಸುತ್ತ ಮೈಯೇ ಒಂದು ಗೂಡು ಕಟ್ಟಿಕೊಳ್ಳುತ್ತದೆ, ಬಹುಪಾಲು ಅದು ಅಲ್ಲೇ ಇರುತ್ತದೆ. ಪ್ರತಿಯೊಂದನ್ನೂ ಹುಡುಕಿ ತೆಗೆಯಲು ಹೋದರೆ ಚೂರು ಮಾಡಿದ್ದಕ್ಕಿಂತ ಹೆಚ್ಚು ಹಾನಿಯನ್ನು ನಮ್ಮ ಚಾಕುವೇ ಮಾಡುತ್ತದೆ. ಕೀಲಿನೊಳಗೆ, ಕಣ್ಣಿನಲ್ಲಿ, ದೊಡ್ಡ ರಕ್ತನಾಳ ಅಥವಾ ನರವನ್ನು ಒತ್ತಿಕೊಂಡು ಇದ್ದರೆ, ಇಲ್ಲವೆ ಮುಂದೆ ಆ ಜಾಗ ಕೆಂಪೇರಿ ಕೀವು ಸೋರಿದರೆ ಆಗ ತೆಗೆಯಬೇಕು. ಒಂದು ಅಪಾಯವನ್ನು ಮಾತ್ರ ಅಣ್ಣ ಜೀವಮಾನವಿಡೀ ನೆನಪಿಡಬೇಕು: ಎಂಆರ್‌ಐ ಸ್ಕ್ಯಾನಿಂಗ್ ಮಾಡಿಸುವ ಪ್ರಸಂಗ ಬಂದರೆ ಮೈಯಲ್ಲಿ ಲೋಹವಿದೆ ಎಂದು ಮೊದಲೇ ಹೇಳಬೇಕು. ಯಂತ್ರದ ಅಯಸ್ಕಾಂತ ಕಬ್ಬಿಣದ ಚೂರನ್ನು ಇದ್ದಲ್ಲಿಂದ ಎಳೆಯಬಲ್ಲದು. ಕೊನೆಯ ಎಕ್ಸ್‌ರೇ ಫಿಲಂ ಮತ್ತು ಡಿಸ್ಚಾರ್ಜ್ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ. ಇದು ಎಂಎಲ್‌ಸಿ, ಅಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವಾದ್ದರಿಂದ ತೆಗೆದ ಚೂರುಗಳೂ ಬಟ್ಟೆಗಳೂ ಪೊಲೀಸರ ವಶಕ್ಕೆ ಹೋಗುತ್ತವೆ. ಅವನ್ನು ಮನೆಗೆ ಕೊಡಲಿಲ್ಲವೆಂದು ಸಂಶಯಪಡಬೇಡಿ. ಪರಿಹಾರ ಕೇಳುವಾಗ ಗಾಯದ ಪ್ರಮಾಣಪತ್ರದ ಪ್ರತಿ ಬೇಕಾಗುತ್ತದೆ, ಅದನ್ನು ಈಗಲೇ ಪಡೆದುಕೊಳ್ಳಿ.

ನೇರವಾಗಿ ಬೆಳಗಾವಿಗೆ ಹೋಗಬೇಕಿತ್ತೆ ಎಂಬುದಕ್ಕೆ ನನ್ನ ಉತ್ತರ ಬೇಡವಾಗಿತ್ತು ಎಂದೇ. ಹುನಗುಂದದಿಂದ ಅದು ಮೂರು ತಾಸಿಗೂ ಮೀರಿದ ದಾರಿ. ರಕ್ತ ಸೋರುತ್ತಿರುವವನಿಗೆ ಮೊದಲ ತಾಸೇ ಮುಖ್ಯ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಇಂಜೆಕ್ಷನ್ ಕೂಡ ಪೆಟ್ಟಾದ ಮೂರು ತಾಸಿನೊಳಗೆ ಕೊಟ್ಟರೆ ಮಾತ್ರ ಫಲಕಾರಿ ಎಂದು 2010ರ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿತು. ಹೊತ್ತು ಮೀರಿದರೆ ಅದರಿಂದ ಕೇಡೇ ಹೆಚ್ಚು. ಬಾಗಲಕೋಟೆ ಮತ್ತು ವಿಜಯಪುರಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಬೆಳಗಾವಿಯಲ್ಲಿ ಬಿಮ್ಸ್ ಇದೆ, ಕೆಎಲ್‌ಇ ಇದೆ. ಹತ್ತಿರದ್ದರಲ್ಲಿ ರಕ್ತ ನಿಲ್ಲಿಸಿ, ಉಸಿರು ಭದ್ರಮಾಡಿ, ಆಮೇಲೆ ನರ ಅಥವಾ ರಕ್ತನಾಳದ ತಜ್ಞರು ಬೇಕೆನಿಸಿದವರನ್ನು ಮಾತ್ರ ಮುಂದೆ ಕಳಿಸುವುದು ಕ್ಷೇಮ. ನಿಮ್ಮವರು ಮಾಡಿದ ತಪ್ಪೆಂದರೆ 14 ಜನರನ್ನೂ ಒಂದೇ ಬಾಗಿಲಿಗೆ ತಂದದ್ದು. 108ಕ್ಕೆ ಕರೆ ಹೋಗಿದ್ದರೆ ಸಣ್ಣ ಗಾಯದವರನ್ನು ತಾಲ್ಲೂಕು ಆಸ್ಪತ್ರೆಗೆ ಹಂಚಬಹುದಿತ್ತು, ದೊಡ್ಡ ಆಸ್ಪತ್ರೆಗೆ ಮುಂಚಿತವಾಗಿ ಸುದ್ದಿಯೂ ಮುಟ್ಟುತ್ತಿತ್ತು. ಆ ಗಾಬರಿಯಲ್ಲಿ ಇದು ಹೊಳೆಯದೇ ಇದ್ದದ್ದಕ್ಕೆ ಯಾರನ್ನೂ ದೂರಲಾಗದು.

ಕೊನೆಗೆ ನಿಮ್ಮ ಮಗ. ತಿಂಗಳು ಕಳೆದಿರುವುದರಿಂದ ಅವನ ಶ್ವಾಸಕೋಶ, ಕರುಳುಗಳ ಭಯ ಈಗ ಬೇಡ. ಕಿವಿ ಪೆಟ್ಟಾದವರ ಶ್ವಾಸಕೋಶಕ್ಕೂ ಪೆಟ್ಟಾಗಿರಲೇಬೇಕು ಎಂಬುದು ನಮ್ಮ ವೈದ್ಯರಲ್ಲೇ ಬಹಳ ಕಾಲ ಇದ್ದ ನಂಬಿಕೆ. ಬಾಂಬ್ ಸ್ಫೋಟಗಳಿಂದ ಬದುಕುಳಿದ 647 ಜನರ ದಾಖಲೆಗಳನ್ನು ಇಸ್ರೇಲಿನಲ್ಲಿ ಪರಿಶೀಲಿಸಿ 1999ರಲ್ಲಿ ಪ್ರಕಟಿಸಿದಾಗ, ಕಿವಿಯ ತಮಟೆ ಮಾತ್ರ ಹರಿದಿದ್ದ 142 ಜನರಲ್ಲಿ ಯಾರಿಗೂ ಆಮೇಲೆ ಶ್ವಾಸಕೋಶದ ತೊಂದರೆ ಬರಲಿಲ್ಲ ಎಂದು ತಿಳಿಯಿತು; 18 ಜನರಿಗೆ ತಮಟೆ ಹರಿಯದಿದ್ದರೂ ಶ್ವಾಸಕೋಶಕ್ಕೆ ಪೆಟ್ಟಾಗಿತ್ತು. ಆದ್ದರಿಂದ ಕಿವಿಯನ್ನು ನೋಡಿ ಎದೆಯ ಭವಿಷ್ಯ ಹೇಳುವುದನ್ನು ನಾವು ಬಿಟ್ಟಿದ್ದೇವೆ. ಆದರೂ ಅವನು ಅಂದೇ ಆಸ್ಪತ್ರೆಗೆ ಬಂದು ಐದಾರು ತಾಸು ಕಣ್ಗಾವಲಿನಲ್ಲಿ ಇರಬೇಕಾಗಿತ್ತು.

ಕಿವಿ ಮಂದವಾಗಿದೆ, ಗುಂಯ್ ಎನ್ನುತ್ತದೆ ಎಂದರೆ ತಮಟೆ ಹರಿದಿರಬಹುದು, ಇಲ್ಲವೆ ಒಳಗಿವಿಯ ನರಕ್ಕೆ ಪೆಟ್ಟಾಗಿರಬಹುದು, ಎರಡೂ ಆಗಿರಬಹುದು. ಹರಿದ ತಮಟೆಯ ಮೂಲಕ ಬೆಳ್ಳುಳ್ಳಿ ಎಣ್ಣೆ ನೇರವಾಗಿ ನಡುಗಿವಿಗೆ ಇಳಿದು ಕೀವಿಗೆ ದಾರಿಮಾಡುತ್ತದೆ. ಅತ್ತೆಯವರಿಗೆ ಇಷ್ಟನ್ನು ಹೇಳಿದರೆ ಒಪ್ಪುತ್ತಾರೆ. ಹರಿದ ತಮಟೆಗಳಲ್ಲಿ ಹೆಚ್ಚಿನವು ತಾವಾಗಿಯೇ ಕೂಡಿಕೊಳ್ಳುತ್ತವೆ, ನೀರು ತಾಕದಂತೆ ನೋಡಿಕೊಂಡರೆ ಸಾಕು. ತಲೆಗೆ ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಗೆ ಇಡಲಿ. ಹೊಳೆಯಲ್ಲಿ, ಬಾವಿಯಲ್ಲಿ ಈಜುವುದು ಸದ್ಯಕ್ಕೆ ಬೇಡ. ಮೂರು ತಿಂಗಳಾದರೂ ಕೂಡದಿದ್ದರೆ ಶಸ್ತ್ರಚಿಕಿತ್ಸೆಯಿಂದ ತಮಟೆಗೆ ತೇಪೆ ಹಾಕಬಹುದು. ನರದ ಪೆಟ್ಟಿಗೆ ಮೊದಲ ಕೆಲವು ದಿನಗಳಲ್ಲಿ ಸ್ಟೆರಾಯ್ಡ್ ಮಾತ್ರೆ ಕೊಟ್ಟು ನೋಡುವ ಅವಕಾಶವಿತ್ತು, ಅದು ಈಗ ಕಳೆದಿದೆ ಎನ್ನಲು ನನಗೂ ಬೇಸರವಿದೆ. ಹಾಗೆಂದು ಸುಮ್ಮನಿರುವಂತಿಲ್ಲ. ಸಿಡಿದ ರಭಸಕ್ಕೆ ಚರ್ಮದ ಕಣ ತಮಟೆಯ ಒಳಮಗ್ಗುಲಿಗೆ ಸೇರಿ, ವರ್ಷಗಳ ಮೇಲೆ ಬೆಳೆದು ಕಿವಿಯ ಎಲುಬನ್ನು ತಿನ್ನುವುದು ಅಪರೂಪವಾದರೂ ಉಂಟು. ಈ ವಾರವೇ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತೋರಿಸಿ ಶ್ರವಣ ಪರೀಕ್ಷೆ ಮಾಡಿಸಿ. ತಲೆಸುತ್ತು ಬಂದರೆ ಅಥವಾ ಕಿವಿ ಸೋರತೊಡಗಿದರೆ ಅಷ್ಟು ದಿನವೂ ಕಾಯಬೇಡಿ. ಅವನೂ ಕ್ವಾರಿಯಲ್ಲೇ ದುಡಿಯುವವನಾಗಿದ್ದರೆ, ಪರೀಕ್ಷೆಯ ಚೀಟಿ ಕೈಗೆ ಬರುವವರೆಗೂ ಕಂಪ್ರೆಸರ್ ಹತ್ತಿರ ನಿಲ್ಲಿಸಬೇಡಿ.